ಚಿತ್ರಗಾರರ ಭಂಗಿ, ನಮ್ಮ ಮುಖ: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯಲ್ಲಿ ನಾವು ಆರೇಳು ಜನ ಭಾನುವಾರ ಬೆಳಿಗ್ಗೆ ಸೇರುತ್ತೇವೆ. ಹೆಸರಾಂತ ಚಿತ್ರಗಾರರು ತಮ್ಮನ್ನು ತಾವೇ ಬರೆದುಕೊಂಡ ಒಂದು ಚಿತ್ರವನ್ನು ಎದುರಿಗೆ ಇಟ್ಟುಕೊಂಡು, ಅದರಂತೆ ಕೂತು, ನಮ್ಮ ಫೋಟೋ ನಾವೇ ತೆಗೆದುಕೊಳ್ಳುತ್ತೇವೆ. ಗುಂಪಿಗೆ ಹೆಸರಿಲ್ಲ, ಫೀಸಿಲ್ಲ. ಚಹಾ ಖರ್ಚು ಮಾತ್ರ ಸರದಿ ಪ್ರಕಾರ. ಬೀದರ್, ಯಾದಗಿರಿ ಕಡೆಯಿಂದಲೂ ಆಗಾಗ ಹುಡುಗರು, ಹುಡುಗಿಯರು ಬರುತ್ತಾರೆ. ಬಂದವರೆಲ್ಲ ಕೇಳಿದ್ದೇ ಕೇಳುತ್ತಾರೆ, ನಾನು ಹೇಳಿದ್ದೇ ಹೇಳುತ್ತೇನೆ. ಗಂಟಲಾದರೂ ಉಳಿಯಲಿ ಅಂತ ಬರೆದಿಟ್ಟಿದ್ದೇನೆ.

ಇದು ಸೆಲ್ಫಿನೇ ಅಲ್ವಾ? ಇದಕ್ಕೆ ಇಷ್ಟೆಲ್ಲ ತಯಾರಿ ಯಾಕೆ?

ಸೆಲ್ಫಿಯಲ್ಲಿ ಕೈ ಚಾಚುತ್ತೇವೆ, ತಲೆ ವಾರೆ ಮಾಡುತ್ತೇವೆ, ಒಂದು ನಗೆ ನಗುತ್ತೇವೆ. ಎರಡು ಸೆಕೆಂಡ್ ಕೆಲಸ. ನಾವು ಹೇಗೆ ಕಾಣಬೇಕು ಅಂತ ಮೊದಲೇ ಗೊತ್ತಿರುತ್ತದೆ.

ಇಲ್ಲಿ ನಮ್ಮ ಇಷ್ಟದ ಮುಖ ನಡೆಯೋದಿಲ್ಲ. ಯಾರೋ ಒಬ್ಬರು ಎಂದೋ ಕನ್ನಡಿ ಮುಂದೆ ಕೂತು ತಮ್ಮನ್ನೇ ನೋಡಿಕೊಂಡು ಬರೆದಿದ್ದಾರೆ. ಅವರ ಕತ್ತು ಎಷ್ಟು ತಿರುಗಿತ್ತು, ಕೈ ಎಲ್ಲಿತ್ತು, ಕಣ್ಣು ಎತ್ತ ನೋಡುತ್ತಿತ್ತು, ಎಲ್ಲ ಹಾಗೇ ಮಾಡಬೇಕು. ಹತ್ತು ನಿಮಿಷ ಹಾಗೆ ಕೂತು ನೋಡಿ. ಅವರ ಹಾಗೆ ಆಗಲು ಹೋಗಿ ಎಲ್ಲೆಲ್ಲಿ ಆಗೋದಿಲ್ಲವೋ, ಅಲ್ಲಲ್ಲಿ ನೀವು ಸಿಗುತ್ತೀರಿ. ನನಗೆ ಈ ಆಟದ ರುಚಿ ಹತ್ತಿದ್ದೇ ಅಲ್ಲಿ.

ಕಲಬುರಗಿಯವರಿಗೆ ಮೆಕ್ಸಿಕೋದ ಫ್ರೀಡಾ ಯಾಕೆ ಬೇಕು?

ಈ ಪ್ರಶ್ನೆಯನ್ನು ಮೊದಲು ಕೇಳಿದ್ದು ನಮ್ಮ ಆಯಿ, ಅಂದರೆ ಅಜ್ಜಿ. ಅವರಿಗೆ ಕೊಟ್ಟ ಉತ್ತರವನ್ನೇ ನಿಮಗೂ ಕೊಡುತ್ತೇನೆ, ಸ್ವಲ್ಪ ಉದ್ದ ಇದೆ.

ಚಿತ್ರಗಾರ್ತಿ ಫ್ರೀಡಾ ಕಾಲೋ ಹುಟ್ಟಿದ್ದು 1907ರಲ್ಲಿ, ತೀರಿಹೋಗಿದ್ದು 1954ರಲ್ಲಿ. 1925ರಲ್ಲಿ ಅವರಿದ್ದ ಬಸ್ಸಿಗೆ ಟ್ರಾಮ್ ಗುದ್ದಿ ಬೆನ್ನು, ಸೊಂಟ, ಕಾಲು ಎಲ್ಲ ಮುರಿದವು. ತಿಂಗಳುಗಟ್ಟಲೆ ಹಾಸಿಗೆ. ಮಲಗಿದಲ್ಲೇ ಕಾಣುವ ಹಾಗೆ ಮೇಲೆ ಕನ್ನಡಿ ಕಟ್ಟಿಸಿದರು. ಕನ್ನಡಿಯಲ್ಲಿ ಇದ್ದದ್ದು ಅವರೊಬ್ಬರೇ, ಹಾಗಾಗಿ ತಮ್ಮನ್ನೇ ಬರೆದರು. ಅಪ್ಪ ಜರ್ಮನಿಯಿಂದ ಬಂದ ಫೋಟೋಗ್ರಾಫರ್, ಅಮ್ಮನ ಕಡೆ ಮೆಕ್ಸಿಕೋದ ಮೂಲ ಜನರ ರಕ್ತ. ದೊಡ್ಡವರಾದ ಮೇಲೆ ಫ್ರೀಡಾ ದಕ್ಷಿಣ ಮೆಕ್ಸಿಕೋದ ತೆಹುವಾನಾ ಹೆಣ್ಣುಮಕ್ಕಳ ಉದ್ದ ಲಂಗ, ಕಸೂತಿ ಕುಪ್ಪಸ, ತಲೆ ತುಂಬ ಹೂವು, ಇದನ್ನೇ ಉಡಲು ಶುರು ಮಾಡಿದರು. 1939ರ 'ಇಬ್ಬರು ಫ್ರೀಡಾ' ಚಿತ್ರದಲ್ಲಿ ಒಬ್ಬ ಫ್ರೀಡಾ ಯುರೋಪಿನ ಬಿಳಿ ಗೌನಿನಲ್ಲಿ, ಇನ್ನೊಬ್ಬಳು ತೆಹುವಾನಾ ಉಡುಪಿನಲ್ಲಿ, ಕೈ ಕೈ ಹಿಡಿದು ಕೂತಿದ್ದಾರೆ. ಇಬ್ಬರ ಎದೆಯೂ ತೆರೆದಿದೆ, ಒಂದೇ ರಕ್ತದ ನರ ಎರಡೂ ಹೃದಯಕ್ಕೆ ಹರಿದಿದೆ.

ಮನೆಯಲ್ಲಿ ಕನ್ನಡ, ಓಣಿಯಲ್ಲಿ ದಖನಿ ಉರ್ದು, ಕೆಲಸದಲ್ಲಿ ಇಂಗ್ಲಿಷ್, ಹೊಲದ ಲೆಕ್ಕ ಕೇಳಲು ಹೋದರೆ ಒಂದಿಷ್ಟು ಮರಾಠಿ, ತೆಲುಗು. ಹೀಗೆ ಬದುಕುವ ನಮಗೆ ಈ ಚಿತ್ರ ಅರ್ಥ ಆಗೋದಕ್ಕೆ ಗೈಡ್ ಬೇಕೇ?

ಸರಿ, ಆಯಿ ಕಥೆ. ನಾನು ಫ್ರೀಡಾ ಆಗಲು ಹೊರಟ ದಿನ ಮಾರ್ಕೆಟ್ಟಿನಿಂದ ಚೆಂಡು ಹೂವು ತಂದು ಜಡೆ ಸುತ್ತ ಪಿನ್ನು ಹಾಕಿಕೊಂಡಿದ್ದೆ. ಆಯಿ ಮೊಬೈಲಿನಲ್ಲಿ ಚಿತ್ರ ನೋಡಿ ಕೇಳಿದರು.

"ಈಕಿ ಯಾರ ಪೈಕಿ?"

"ಮೆಕ್ಸಿಕೋದಾಕಿ, ಆಯಿ."

"ಇಲ್ಲಿಂದ ಅಷ್ಟು ದೂರ ಯಾಕ ಹೋದಿ? ಹೋಗ್ಲಿ, ಮೈಮ್ಯಾಲಿಂದು ಕಸೂತಿ ಕುಪ್ಪಸ ಅದ. ನೀ ಯಾಕ ಟೀ ಶರ್ಟ್ ಹಾಕ್ಕೊಂಡಿ?"

ಹೇಳಿ ಒಳಗೆ ಹೋಗಿ ಟ್ರಂಕು ತೆಗೆದು ತಮ್ಮ ಖಣದ ಕುಪ್ಪಸ ತಂದರು. ಡಾಂಬರು ಗುಳಿಗೆ ವಾಸನೆ. ತೋಳು ಎಷ್ಟು ಬಿಗಿ ಅಂದರೆ ನನ್ನ ಮೊಣಕೈ ದಾಟಲಿಲ್ಲ. ಎಳೆದೆ, ಪರ್ ಅಂತ ಹೊಲಿಗೆ ಬಿಚ್ಚಿತು. ಆಯಿ ಬೈಯಲಿಲ್ಲ. "ನಾ ಆಗ ಹೊಲಕ್ಕ ಹೋಗ್ತಿದ್ದೆ, ಕೈ ಇಷ್ಟs ಇತ್ತು" ಅಂತ ಹೆಬ್ಬೆರಳು ಮಧ್ಯದ ಬೆರಳು ಕೂಡಿಸಿ ತೋರಿಸಿದರು. ಬಿಚ್ಚಿದ ತೋಳಿಗೆ ಎರಡು ಪಿನ್ನು ಹಾಕಿದೆವು.

ಆಮೇಲೆ ನಾನು ಕಾಡಿಗೆ ತಗೊಂಡು ಫ್ರೀಡಾಗೆ ಇರುವ ಹಾಗೆ ಎರಡೂ ಹುಬ್ಬು ಕೂಡಿಸಿ ಬರೆಯತೊಡಗಿದೆ. ಆಯಿ ನಗಲು ಶುರು ಮಾಡಿದರು. ತಮ್ಮ ಹುಬ್ಬಿನ ನಡುವೆ ಬೆರಳಿಟ್ಟು, "ನಂಗ ಇಲ್ಲಿ ಹಚ್ಚಿ ಹಾಕ್ಯಾರ ನೋಡು. ಒಂದು ಸೇರು ಜ್ವಾಳ ಕೊಟ್ಟಿದ್ಳು ನಮ್ಮವ್ವ" ಅಂದರು. ಇಷ್ಟು ವರ್ಷ ದಿನಾ ನೋಡಿದ ಮುಖ. ಆ ಹಸಿರು ಚುಕ್ಕಿ ಮೂರು ಇವೆ ಅಂತ ನಾನು ಎಣಿಸಿಯೇ ಇರಲಿಲ್ಲ.

ಕಾಡಿಗೆ ಒರೆಸಿ, ಹಸಿರು ಪೆನ್ನಿನಿಂದ ಮೂರು ಚುಕ್ಕಿ ಇಟ್ಟುಕೊಂಡೆ. ಕೂತದ್ದು ಫ್ರೀಡಾ ಕೂತ ಹಾಗೇ, ನೋಟ ಅದೇ ನೇರ ನೋಟ. ಹುಬ್ಬಿನ ನಡುವೆ ಮಾತ್ರ ಆಯಿ. ಫ್ರೀಡಾ ಯಾಕೆ ಬೇಕು ಅಂದರೆ ಇದಕ್ಕೇ. ಅವರು ತಮ್ಮ ಅಮ್ಮನ ಕಡೆಯ ಬಟ್ಟೆ ತೆಗೆದು ಉಟ್ಟರು, ನಾನು ನಮ್ಮ ಟ್ರಂಕು ತೆಗೆಸಿದೆ.

ವಿದೇಶಿ ಚಿತ್ರಗಾರರನ್ನು ನಕಲು ಮಾಡುವುದು ಗುಲಾಮಗಿರಿ ಅಲ್ವಾ?

ಈ ಮಾತು ಸಾಮಾನ್ಯವಾಗಿ ಚಹಾ ಎರಡನೇ ಸುತ್ತು ಬಂದಾಗ ಬರುತ್ತದೆ.

ರೆಂಬ್ರಾಂಟ್ ಅಂದರೆ ಡಚ್ಚರ ದೊಡ್ಡ ಹೆಸರು. ಸುಮಾರು 40 ಸಲ ತನ್ನನ್ನು ತಾನೇ ಬಣ್ಣದಲ್ಲಿ ಬರೆದುಕೊಂಡವನು. ಆತ 1656ರಿಂದ 1661ರ ಸುಮಾರಿಗೆ ಮೊಘಲ್ ಕಿರುಚಿತ್ರಗಳನ್ನು ಎದುರಿಗಿಟ್ಟುಕೊಂಡು ಇಪ್ಪತ್ತಕ್ಕೂ ಜಾಸ್ತಿ ನಕಲು ಬರೆದಿದ್ದಾನೆ. ಜಹಾಂಗೀರ, ಶಾಹಜಹಾನ್ ಎಲ್ಲ ಇದ್ದಾರೆ ಅದರಲ್ಲಿ. ಇನ್ನೊಬ್ಬ ಡಚ್ ಚಿತ್ರಗಾರ ವ್ಯಾನ್ ಗೋ ಜಪಾನಿನ ಅಚ್ಚುಚಿತ್ರ ಕೂಡಿಟ್ಟು ಗೋಡೆಗೆ ಹಚ್ಚಿಕೊಂಡಿದ್ದ. ಬುಡಾಪೆಸ್ಟಿನಲ್ಲಿ ಹುಟ್ಟಿದ ನಮ್ಮ ಅಮೃತಾ ಶೇರ್‌ಗಿಲ್ 1934ರಲ್ಲಿ ತಮ್ಮನ್ನು ತಾಹಿತಿಯ ಹೆಣ್ಣಿನ ಹಾಗೆ ಬರೆದುಕೊಂಡರು, ಫ್ರಾನ್ಸಿನ ಚಿತ್ರಗಾರ ಗೋಗ್ಯಾನ್ ಆ ದ್ವೀಪದಲ್ಲಿ ಬರೆಯುತ್ತಿದ್ದ ಹೆಣ್ಣುಗಳ ಧಾಟಿಯಲ್ಲಿ. ಅವರು ತಾಹಿತಿಗೆ ಹೋದವರೇ ಅಲ್ಲ. ಪ್ಯಾರಿಸ್ಸಿನಲ್ಲಿ ಎಲ್ಲರೂ ತನ್ನನ್ನು ಎಲ್ಲಿಂದಲೋ ಬಂದವಳು ಅಂತ ನೋಡುತ್ತಿದ್ದಾಗ, 'ಹೌದೇನು? ಹಂಗಾದ್ರ ಸರಿಯಾಗಿ ನೋಡ್ರಿ' ಅಂದ ಹಾಗೆ ನನಗೆ ಕಾಣುತ್ತದೆ ಆ ಚಿತ್ರ.

ಎಲ್ಲರೂ ಎಲ್ಲರಿಂದ ಎರವಲು ತಂದವರೇ. ತಂದದ್ದಕ್ಕೆ ಏನು ಸೇರಿಸಿದಿರಿ, ಅದನ್ನು ಕೇಳಿ.

ಇದನ್ನು ಬೇರೆ ಯಾರಾದರೂ ಮಾಡಿದ್ದಾರಾ?

ಬಹಳ ಜನ. ನೀವು ಮೊದಲು ನೋಡಬೇಕಾದವರು ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಅವರು ಮತ್ತು ಫೋಟೋಗ್ರಾಫರ್ ಕ್ಲೇರ್ ಆರ್ನಿ 2000ದಿಂದ 2004ರವರೆಗೆ ದಕ್ಷಿಣ ಭಾರತದ ಹೆಣ್ಣುಗಳ ಒಂದು ಸರಣಿ ಮಾಡಿದರು. ರವಿವರ್ಮನ ಲಕ್ಷ್ಮಿಯಾಗಿ ಕಮಲದ ಮೇಲೆ ನಿಂತವರೂ ಅವರೇ. ಬ್ರಿಟಿಷರ ಕಾಲದಲ್ಲಿ ಚೌಕುಳಿ ಪರದೆ ಮುಂದೆ ನಿಲ್ಲಿಸಿ ಮೈ ಅಳತೆ ಹಿಡಿದು ತೆಗೆದ ಫೋಟೋದಲ್ಲಿ ನಿಂತವರೂ ಅವರೇ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ಪೂಜೆಗೆ ಇಟ್ಟ ಹೆಣ್ಣು, ಅಳತೆಗೆ ನಿಲ್ಲಿಸಿದ ಹೆಣ್ಣು ಇಬ್ಬರೂ ಒಬ್ಬಳೇ ಅಂತ ಗೊತ್ತಾಗಿ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ಜಪಾನಿನ ಕಲಾವಿದ ಯಾಸುಮಾಸಾ ಮೊರಿಮುರಾ 1985ರಲ್ಲಿ ಕಿವಿಗೆ ಪಟ್ಟಿ ಕಟ್ಟಿದ ವ್ಯಾನ್ ಗೋ ಆದರು, 2001ರಲ್ಲಿ ಫ್ರೀಡಾ ಆದರು. ಅಮೆರಿಕದ ಸಿಂಡಿ ಶೆರ್ಮನ್ 1988ರಿಂದ 1990ರ ನಡುವೆ ಹಳೆಯ ಯುರೋಪಿನ ಚಿತ್ರಗಳ ಧಾಟಿಯಲ್ಲಿ ಕೂತರು. ಅಂಟಿಸಿಕೊಂಡ ಸುಳ್ಳು ಮೂಗು ಸುಳ್ಳು ಅಂತ ಕಾಣಲಿ ಅಂತಲೇ ಬಿಟ್ಟಿದ್ದಾರೆ. ಸೆನೆಗಲ್ಲಿನ ಓಮರ್ ವಿಕ್ಟರ್ ಡಿಯೋಪ್ 2014ರಲ್ಲಿ, ಆಫ್ರಿಕಾದ ಹೊರಗೆ ಹೆಸರು ಮಾಡಿದ ಆಫ್ರಿಕಾ ಮೂಲದವರ ಹಳೆಯ ಚಿತ್ರಗಳನ್ನು ತಮ್ಮ ಮೈಮೇಲೆ ತಂದುಕೊಂಡರು. ರೇಷ್ಮೆ, ಜರತಾರಿ ಎಲ್ಲ ಸರಿ, ಜೊತೆಗೆ ಒಂದು ಫುಟ್‌ಬಾಲ್. ಇವತ್ತು ಯುರೋಪಿನ ಮೈದಾನದಲ್ಲಿ ಆಫ್ರಿಕಾದ ಆಟಗಾರನಿಗೆ ಸಿಗುವ ಚಪ್ಪಾಳೆ, ಬೈಗುಳ ಎರಡೂ ಆ ಒಂದು ಚೆಂಡಿನಲ್ಲಿವೆ.

ನನಗೆ ಎಲ್ಲರಿಗಿಂತ ಹತ್ತಿರ ಅನಿಸುವವರು ಸ್ಯಾಮುಯೆಲ್ ಫೋಸೋ. ಮಧ್ಯ ಆಫ್ರಿಕಾದ ಬಾಂಗಿ ಊರಲ್ಲಿ 1975ರಲ್ಲಿ, 13ನೇ ವಯಸ್ಸಿಗೆ ಸ್ಟುಡಿಯೋ ಇಟ್ಟ ಹುಡುಗ. ಹಗಲು ಗಿರಾಕಿಗಳ ಫೋಟೋ. ಸಂಜೆ ರೀಲಿನಲ್ಲಿ ಉಳಿದ ನಾಲ್ಕೈದು ಫ್ರೇಮು ವ್ಯರ್ಥ ಆಗಬಾರದು ಅಂತ ತನ್ನದೇ ಫೋಟೋ ತೆಗೆದು ದೂರದಲ್ಲಿದ್ದ ಅಜ್ಜಿಗೆ ಕಳಿಸುತ್ತಿದ್ದ.

2020ರಲ್ಲಿ ಲಾಕ್‌ಡೌನ್ ಹೊತ್ತಲ್ಲಿ ಲಾಸ್ ಏಂಜಲೀಸಿನ ಗೆಟ್ಟಿ ಮ್ಯೂಸಿಯಂ, ಮನೆಯ ಸಾಮಾನುಗಳಿಂದ ಚಿತ್ರ ಮರುಸೃಷ್ಟಿ ಮಾಡಿ ಅಂತ ಕರೆ ಕೊಟ್ಟಿತ್ತು. ನೀವು ನೋಡಿದ ತಲೆಗೆ ಟವಲು, ಕೈಯಲ್ಲಿ ಸೌಟು ಫೋಟೋಗಳು ಬಹುತೇಕ ಆಗಿನವು.

ಮೂಲ ಚಿತ್ರವನ್ನು ಎಷ್ಟು ಹೋಲಬೇಕು?

ಭಂಗಿ ಮತ್ತು ಬೆಳಕು ಹೋಲಲಿ. ಬಟ್ಟೆ, ಸಾಮಾನು, ಗೋಡೆ ನಿಮ್ಮ ಮನೆಯದೇ ಇರಲಿ. ಇದು ನಮ್ಮ ಗುಂಪಿನ ಒಂದೇ ರೂಲು. ಅದನ್ನೂ ಆಗಾಗ ಮುರಿಯುತ್ತೇವೆ.

ಒಂದು ಉದಾಹರಣೆ. ಕಳೆದ ಮೇ ತಿಂಗಳಲ್ಲಿ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಒಬ್ಬ ಹುಡುಗ ವ್ಯಾನ್ ಗೋ ಆಗುತ್ತೇನೆ ಅಂದ. ತನ್ನ ಕಿವಿ ತಾನೇ ಕೊಯ್ದುಕೊಂಡ ಮೇಲೆ 1889ರ ಜನವರಿಯಲ್ಲಿ ಬರೆದ, ಕಿವಿಗೆ ಪಟ್ಟಿ ಕಟ್ಟಿದ ಆ ಚಿತ್ರ. ಅದರಲ್ಲಿ ಚಳಿ. ದಪ್ಪ ಕೋಟು, ತಲೆಗೆ ತುಪ್ಪಳದ ಟೊಪ್ಪಿಗೆ. ಕಲಬುರಗಿಯಲ್ಲಿ ಆಗ 42 ಡಿಗ್ರಿ ದಾಟಿತ್ತು. ಹುಡುಗ ಯಾರದೋ ಸ್ವೆಟರ್ ಹಾಕಿಕೊಂಡು ಐದು ನಿಮಿಷ ಕೂತ, ಬೆವರು ಇಳಿದು ಕಣ್ಣಿಗೆ ಬಂತು, ಕಿತ್ತು ಒಗೆದ. ಚಹಾ ಕುಡಿದ. ಮನೆಗೆ ಹೊರಟ. ಹೊರಡುವಾಗ ಇಲ್ಲಿಯ ಗಂಡಸರೆಲ್ಲ ಮಾಡುವ ಹಾಗೆ ಬಿಸಿಗಾಳಿ ಬಡಿಯದಿರಲಿ ಅಂತ ಬಿಳಿ ಟವಲು ಕಿವಿ ಮುಚ್ಚಿ ಗದ್ದದ ಕೆಳಗೆ ಸುತ್ತಿಕೊಂಡ. ನಾವೆಲ್ಲ ಒಟ್ಟಿಗೇ "ನಿಲ್ಲೋ!" ಅಂದೆವು.

ವ್ಯಾನ್ ಗೋ ಹಿಂದೆ ಜಪಾನಿನ ಅಚ್ಚುಚಿತ್ರ ಇದೆ. ಇವನ ಹಿಂದೆ ತೊಗರಿಬೇಳೆ ಅಂಗಡಿಯ ಕ್ಯಾಲೆಂಡರ್, ಅದರಲ್ಲಿ ಲಕ್ಷ್ಮಿ. ಅಲ್ಲಿ ಚಳಿಗೆ ಮುಚ್ಚಿದ ಮೈ, ಇಲ್ಲಿ ಬಿಸಿಲಿಗೆ ಮುಚ್ಚಿದ ಕಿವಿ. ಆ ಫೋಟೋ ನೋಡಿದವರು ಯಾರೂ ಕಿವಿಗೆ ಏನಾಗಿದೆ ಅಂತ ಕೇಳಲಿಲ್ಲ. ಗಂಡಸು ಟವಲು ಸುತ್ತಿದ್ದಾನೆ, ಅಷ್ಟೇ. ಕಣ್ಣು ನೋಡಿದ ಮೇಲೆ ಮಾತ್ರ ಸುಮ್ಮನಾದರು.

ವ್ಯಾನ್ ಗೋ ಕೊಯ್ದುಕೊಂಡದ್ದು ಎಡಗಿವಿ. ಚಿತ್ರದಲ್ಲಿ ಪಟ್ಟಿ ಬಲಗಿವಿಗೆ ಇದೆಯಲ್ಲ?

ಕನ್ನಡಿ ನೋಡಿ ಬರೆದದ್ದು, ಅದಕ್ಕೆ. ಕನ್ನಡಿಯಲ್ಲಿ ಎಡ ಬಲ ಆಗುತ್ತದೆ. ನಿಮ್ಮ ಫೋನಿನ ಮುಂದಿನ ಕ್ಯಾಮೆರಾದಲ್ಲೂ ಇದೇ ಕಥೆ, ಸೆಟ್ಟಿಂಗ್ಸಿನಲ್ಲಿ 'ಮಿರರ್' ಅಂತ ಒಂದು ಗುಂಡಿ ಇರುತ್ತದೆ. ಚಿತ್ರದಂತೆ ಕಾಣಬೇಕಾದರೆ ಮೊದಲೇ ತೀರ್ಮಾನ ಮಾಡಿಕೊಳ್ಳಿ. ಇಲ್ಲದಿದ್ದರೆ ಸೀರೆ ಸೆರಗು ಎಡಗಡೆಯಿಂದ ಬಲಕ್ಕೆ ಹಾರಿ, ಮನೆಯ ಹೆಂಗಸರೆಲ್ಲ ಫೋಟೋ ಬಿಟ್ಟು ಸೆರಗಿನ ಬಗ್ಗೆಯೇ ಮಾತಾಡುತ್ತಾರೆ. ಆಗಿದೆ.

ದೊಡ್ಡ ಕ್ಯಾಮೆರಾ ಬೇಕಾ?

ಬೇಡ. ಫೋನ್ ಸಾಕು. ಹಿಂದಿನ ಕ್ಯಾಮೆರಾ ಬಳಸಿ, ಹತ್ತು ಸೆಕೆಂಡಿನ ಟೈಮರ್ ಇಡಿ. ಸ್ಟ್ಯಾಂಡ್ ಇಲ್ಲದಿದ್ದರೆ ಜೋಳದ ಡಬ್ಬಿ ಮೇಲೆ ಎರಡು ಪುಸ್ತಕ ಇಟ್ಟು ಫೋನ್ ಒರಗಿಸಿ. ಫೋನಿನ ಹಿಂದೆ ಒಂದು ಕನ್ನಡಿ ಇಟ್ಟರೆ ನೀವು ಹೇಗೆ ಕೂತಿದ್ದೀರಿ ಅಂತ ಕಾಣುತ್ತದೆ.

ಒಂದು ತಪ್ಪು ಎಲ್ಲರೂ ಮಾಡುತ್ತಾರೆ, ಫೋನನ್ನು ಮುಖಕ್ಕೆ ತೀರಾ ಹತ್ತಿರ ಇಡುವುದು. ಮೂಗು ದೊಡ್ಡದಾಗಿ ಕಿವಿ ಮಾಯವಾಗುತ್ತದೆ. ಐದಾರು ಅಡಿ ದೂರ ಇಟ್ಟು, ಎರಡು ಪಟ್ಟು ಜೂಮ್ ಮಾಡಿ. ಬ್ಯೂಟಿ ಫಿಲ್ಟರ್ ಆಫ್ ಮಾಡಿ. ಇದನ್ನು ಕೈ ಮುಗಿದು ಹೇಳುತ್ತಿದ್ದೇನೆ.

ನಮ್ಮ ಬಿಸಿಲಿನಲ್ಲಿ ಹಳೆಯ ಚಿತ್ರಗಳ ಮೆತ್ತನೆ ಬೆಳಕು ಹೇಗೆ ತರೋದು?

ಹೊರಗೆ ಹೋಗಬೇಡಿ, ಒಂದು ಕಿಟಕಿ ಸಾಕು. ಬಿಸಿಲು ನೇರ ಬೀಳದ, ಬಡಗು ದಿಕ್ಕಿನ ಕಿಟಕಿ ಇದ್ದರೆ ಪುಣ್ಯ. ಇಲ್ಲದಿದ್ದರೆ ಬೆಳಿಗ್ಗೆ ಎಂಟೂವರೆ ಒಳಗೆ, ಸಂಜೆ ಐದರ ಮೇಲೆ. ಬಿಸಿಲು ಚುರುಕಾಗಿದ್ದರೆ ಕಿಟಕಿಗೆ ಮುತ್ಯಾನ (ಅಜ್ಜನ) ಹಳೆಯ ಧೋತರ ಕಟ್ಟಿ. ಬೆಳಕು ಹಾಲಿನ ಹಾಗೆ ಇಳಿಯುತ್ತದೆ.

ನಮ್ಮ ಮನೆಗಳಿಗೆ ಒಂದು ಲಾಭ ಇದೆ, ಯಾರೂ ಗಮನಿಸೋದಿಲ್ಲ. ನೆಲಕ್ಕೆ ಶಹಾಬಾದ್ ಕಲ್ಲು. ಒದ್ದೆ ಬಟ್ಟೆಯಿಂದ ಒರೆಸಿ ಕೂತರೆ ಕೆಳಗಿನಿಂದ ಒಂದು ತಣ್ಣನೆ ಬೂದು ಬೆಳಕು ಗದ್ದಕ್ಕೆ ಬರುತ್ತದೆ. ಹಿಂದೆ ಕರಿ ಕಂಬಳಿ ತೂಗಿಬಿಟ್ಟರೆ ಮುಗೀತು, ರೆಂಬ್ರಾಂಟನ ಮನೆ.

ನನಗೆ ಮುಖ ತೋರಿಸಲು ಇಷ್ಟವಿಲ್ಲ. ಆದರೂ ಮಾಡಬಹುದಾ?

ಮಾಡಬಹುದು. ಬುರ್ಖಾ ಹಾಕುವ ಹುಡುಗಿಯರು ಕೇಳುತ್ತಾರೆ, ಮನೆಯಲ್ಲಿ ಬೈಯುತ್ತಾರೆ ಅಂತ ಬೇರೆಯವರೂ ಕೇಳುತ್ತಾರೆ. ಹೊಸ ಪ್ರಶ್ನೆಯೂ ಅಲ್ಲ. ನಮ್ಮ ಜಿಲ್ಲೆಗಳೆಲ್ಲ ನಿಜಾಮರ ಆಡಳಿತದಲ್ಲಿದ್ದಾಗ, ಅವರ ಫೋಟೋಗ್ರಾಫರ್ ರಾಜಾ ದೀನ್ ದಯಾಳ್ 1892ರಲ್ಲಿ ಹೈದರಾಬಾದಿನಲ್ಲಿ ಹೆಂಗಸರಿಗೆಂದೇ ಜನಾನಾ ಸ್ಟುಡಿಯೋ ತೆರೆದಿದ್ದರು. ಅಲ್ಲಿ ಫೋಟೋ ತೆಗೆಯುವವರೂ ಹೆಂಗಸೇ. ಅಂದರೆ ಪರದೆಯವರಿಗೂ ತಮ್ಮ ಫೋಟೋ ಬೇಕಿತ್ತು. ಯಾರು ನೋಡಬೇಕು ಅನ್ನೋದು ಮಾತ್ರ ತಮ್ಮ ಕೈಯಲ್ಲಿರಬೇಕಿತ್ತು.

ನಮ್ಮಲ್ಲಿ ಬೀದರಿನಿಂದ ಬಂದ ಒಬ್ಬ ಹುಡುಗಿ ಕೈ ಮಾತ್ರ ತೆಗೆದಳು. ಅವರ ಮನೆಯಲ್ಲಿ ಬಿದ್ರಿ ಕೆಲಸ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಉಳಿಯಿಂದ ಗೆರೆ ಕೊರೆದು, ಗೆರೆಯೊಳಗೆ ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಹಳೆ ಮಣ್ಣು, ನವಸಾಗರ ಕಲಸಿದ ನೀರಿನಲ್ಲಿ ಅದ್ದಿದರೆ ಸತುವೆಲ್ಲ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಈ ಹುಡುಗಿ ರೆಂಬ್ರಾಂಟನ ಚಿತ್ರಗಳನ್ನು ಒಂದೊಂದಾಗಿ ಸರಿಸಿ ನೋಡುತ್ತ, "ಅಕ್ಕಾ, ಇವರೂ ಬಿದ್ರಿನೇ ಮಾಡ್ಯಾರ್ರಿ" ಅಂದಳು. ನಾನು ಹತ್ತು ಭಾನುವಾರ ಬೆಳಕು ನೆರಳು ಅಂತ ಪಾಠ ಹೇಳಿದ್ದೆ. ಆಕೆ ಒಂದೇ ಸಾಲಿನಲ್ಲಿ ಮುಗಿಸಿದಳು.

ಫೋಟೋದಲ್ಲಿ ಎಲ್ಲ ಕತ್ತಲು. ಒಂದು ಕೈ, ಉಗುರಿನ ಸಂದಿಯಲ್ಲಿ ಕಪ್ಪು, ಹೆಬ್ಬೆರಳಿಗೆ ಉಳಿ ತಾಗಿದ ಹಳೆ ಗಾಯ, ಅರ್ಧ ಮುಗಿದ ಒಂದು ಹೂದಾನಿ. ಅದು ಆಕೆಯೇ. ಮುಖ ಇದ್ದಿದ್ದರೆ ನಾವು ಕೈ ನೋಡುತ್ತಿರಲಿಲ್ಲ.

ಬೇರೆ ಸಮುದಾಯದ ಉಡುಪು ಹಾಕಿಕೊಳ್ಳಬಹುದಾ? ಲಂಬಾಣಿ ಡ್ರೆಸ್ ಬಹಳ ಚಂದ ಇರುತ್ತದೆ.

ಚಂದ ಇರುತ್ತದೆ, ನಿಜ. ಕನ್ನಡಿ ಚೂರು, ಕವಡೆ, ಕಸೂತಿ, ಕೆಂಪು ಫೇಟಿಯಾ ಅಂದರೆ ಲಂಗ, ಕಾಂಚಳಿ ಅಂದರೆ ಕುಪ್ಪಸ. ಫ್ರೀಡಾ ಮಾಡುವವರ ಕಣ್ಣು ನೇರ ಅಲ್ಲಿಗೇ ಹೋಗುತ್ತದೆ.

ನಮ್ಮ ಗುಂಪಿನಲ್ಲಿ ತಾಂಡಾದಿಂದ ಬರುವ ಒಬ್ಬಳಿದ್ದಾಳೆ. ನಾನೇ ಒಮ್ಮೆ ಅವಳನ್ನು ಕೇಳಿದೆ, ನಿಮ್ಮ ಅವ್ವನ ಫೇಟಿಯಾ ಒಂದು ದಿನಕ್ಕೆ ಕೊಡ್ತೀಯಾ ಅಂತ. ಅವಳು ತಕ್ಷಣ ಇಲ್ಲ ಅನ್ನಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಅಕ್ಕಾ, ನಮ್ಮವ್ವ ಇದೇ ಬಟ್ಟಿ ಹಾಕ್ಕೊಂಡು ಬಸ್ಸು ಹತ್ತಿದ್ರ ಜನ ಸರದು ಕೂಡ್ತಾರ. ನೀವು ಹಾಕ್ಕೊಂಡ್ರ ಲೈಕ್ ಬರ್ತಾವ" ಅಂದಳು. ನನ್ನ ಬಳಿ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಬ್ರಿಟಿಷ್ ಸರ್ಕಾರ 1868ರಿಂದ 1875ರವರೆಗೆ ಈ ದೇಶದ ಜನರ ಫೋಟೋಗಳನ್ನು ಜಾತಿ, ಪಂಗಡ ಅಂತ ವಿಂಗಡಿಸಿ 8 ಸಂಪುಟ ಅಚ್ಚು ಹಾಕಿಸಿತು. ಸುರಪುರದಲ್ಲಿ ಬಾಲ ಅರಸನ ಪರವಾಗಿ ಆಡಳಿತ ನೋಡಿಕೊಂಡ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಕೈಯೂ ಅದರ ಬರಹದಲ್ಲಿ ಇದೆ. ಸುರಪುರದ ಜನ ಅವನನ್ನು ಇವತ್ತಿಗೂ ಪ್ರೀತಿಯಿಂದ ನೆನೆಯುತ್ತಾರೆ. ಅದು ಬೇರೆ ವಿಷಯ. ಆದರೆ ಆ ಫೋಟೋಗಳಲ್ಲಿ ನಿಂತವರಿಗೆ ಹೀಗೆ ನಿಲ್ಲಲೋ, ಹಾಗೆ ನಿಲ್ಲಲೋ ಅಂತ ಕೇಳುವ ದಾರಿ ಇರಲಿಲ್ಲ. ಅವರ ಬಟ್ಟೆಯನ್ನು ನಾನು ಸುಮ್ನೆ ಚಂದಕ್ಕೆ ಹಾಕಿಕೊಂಡರೆ ಒಂಬತ್ತನೇ ಸಂಪುಟ ಮಾಡಿದ ಹಾಗೆ.

ಆಮೇಲೆ ಆ ಹುಡುಗಿಯೇ ಅವ್ವನ ಬಟ್ಟೆ ತೊಟ್ಟು ಕೂತಳು. ಇಬ್ಬರು ಫ್ರೀಡಾ ಚಿತ್ರ. ಒಂದರಲ್ಲಿ ಫೇಟಿಯಾ, ಇನ್ನೊಂದರಲ್ಲಿ ಅವಳ ನರ್ಸಿಂಗ್ ಯೂನಿಫಾರ್ಮ್. ಎರಡು ಸಲ ತೆಗೆದು ಫೋನಿನಲ್ಲೇ ಜೋಡಿಸಿದೆವು. ನಡುವೆ ನರದ ಬದಲು ಸ್ಟೆತಸ್ಕೋಪಿನ ಕೊಳವೆ.

ಅದಕ್ಕೇ ನನ್ನ ಸಲಹೆ: ಮೊದಲು ನಿಮ್ಮ ಮನೆ ಟ್ರಂಕು ತೆಗೆಯಿರಿ. ಬೇರೆಯವರದು ಬೇಕೇ ಬೇಕಾದರೆ, ಬಟ್ಟೆಯ ಜೊತೆ ಆ ಮನೆಯವರನ್ನೂ ಕರೆಯಿರಿ. ಇಷ್ಟಲಿಂಗ, ಕಿರ್ಪಾಣ, ಜಪಮಣಿ, ತಾಳಿ ಇಂಥವನ್ನು ವೇಷದ ಸಾಮಾನು ಮಾಡಬೇಡಿ.

ಮುಖಕ್ಕೆ ಕಪ್ಪು ಅಥವಾ ಬಿಳಿ ಬಣ್ಣ ಬಳಿದುಕೊಳ್ಳಬಹುದಾ?

ಬೇಡ. ನಿಮ್ಮ ಮೈಬಣ್ಣ ಅದೇ ಇರಲಿ. ಈ ಕೆಲಸಕ್ಕೆ ಅದೇ ಬೇಕಾಗಿರುವುದು.

ನಮ್ಮ ಕಡೆಯ ಚಿತ್ರಗಾರರು ಯಾರೂ ಇಲ್ವಾ?

ಇದ್ದಾರೆ, ನಮಗೆ ಗೊತ್ತಿಲ್ಲ ಅಷ್ಟೇ. ಎಸ್.ಎಂ. ಪಂಡಿತ್ 1916ರಲ್ಲಿ ಕಲಬುರಗಿಯಲ್ಲೇ ಹುಟ್ಟಿದವರು. ಮುಂಬೈಗೆ ಹೋಗಿ ಸಿನಿಮಾ ಪೋಸ್ಟರ್, 'ಫಿಲ್ಮ್ ಇಂಡಿಯಾ' ಪತ್ರಿಕೆಯ ಮುಖಪುಟ, ದೇವರ ಕ್ಯಾಲೆಂಡರ್ ಬರೆದು ದೊಡ್ಡ ಹೆಸರು ಮಾಡಿದರು. 1993ರಲ್ಲಿ ತೀರಿಕೊಂಡರು. ಊರಲ್ಲಿ ಅವರ ಹೆಸರಿನ ರಂಗಮಂದಿರ ಇದೆ. ಅಲ್ಲಿ ನಾಟಕ ನೋಡಿ ಬಂದವರನ್ನು ಪಂಡಿತರು ಯಾರು ಅಂತ ಕೇಳಿ ನೋಡಿ, ಅರ್ಧ ಜನ ಯಾರೋ ಸಂಗೀತದವರು ಅನ್ನುತ್ತಾರೆ! ನಿಮ್ಮ ಮನೆಯಲ್ಲಿ ಹಳೆಯ ಕ್ಯಾಲೆಂಡರ್ ಚಿತ್ರ ಇದ್ದರೆ ಮೂಲೆಯಲ್ಲಿ ಸಹಿ ನೋಡಿ. ಸಿಕ್ಕರೆ ಅದೇ ಭಂಗಿಯಲ್ಲಿ ನಿಂತು ತೆಗೆಯಿರಿ.

ಯಾದಗಿರಿ ಕಡೆಯವರು ಸುರಪುರದ ಚಿತ್ರಕಲೆ ಹುಡುಕಿಕೊಳ್ಳಿ. ನಾಯಕ ಅರಸರ ಆಶ್ರಯದಲ್ಲಿ ಬೆಳೆದ ಶೈಲಿ ಅದು, ಚಿನ್ನದ ರೇಕಿನ ಮಿಂಚು ಬೇರೆ. ಚಾಕಲೇಟಿನ ಬಂಗಾರದ ಕಾಗದ ಅಂಟಿಸಿ ನಮ್ಮಲ್ಲೊಬ್ಬರು ಪ್ರಭಾವಳಿ ಮಾಡಿಕೊಂಡಿದ್ದರು, ನಂಬುವ ಹಾಗಿತ್ತು.

ಇನ್ನೂ ಹಿಂದಕ್ಕೆ ಹೋಗಬೇಕೆಂದರೆ ಸನ್ನತಿ ಹತ್ತಿರದ ಕನಗನಹಳ್ಳಿಗೆ ಹೋಗಿ. ಭೀಮಾ ನದಿ ದಂಡೆಯ ಬೌದ್ಧ ಸ್ತೂಪ. ಅಲ್ಲಿಯ ಒಂದು ಕಲ್ಲಿನಲ್ಲಿ ರಾಜ, ರಾಣಿ, ಚಾಮರ ಬೀಸುವವರು. ಮೇಲೆ ಬ್ರಾಹ್ಮಿಯಲ್ಲಿ 'ರಾಯೋ ಅಸೋಕೋ' ಅಂತ ಬರೆದಿದೆ. ಅಶೋಕ ತೀರಿ ಬಹಳ ಕಾಲದ ಮೇಲೆ ಕೆತ್ತಿದ್ದು. ಕೆತ್ತಿದವನು ಅಶೋಕನನ್ನು ನೋಡಿರಲಿಲ್ಲ. ತಾನು ಕಂಡ ರಾಜರ ಪೇಟ, ಒಡವೆಯನ್ನೇ ಅವನಿಗೆ ತೊಡಿಸಿರಬೇಕು ಅಂತ ನನಗನಿಸುತ್ತದೆ. ನಾವು ಭಾನುವಾರ ಮಾಡುವ ಕೆಲಸ ಅದೇ ಅಲ್ವಾ? ಆ ಎರಡು ಶಬ್ದ ಬರೆಯದೆ ಹೋಗಿದ್ದರೆ ಅವನು ಯಾರೋ ಒಬ್ಬ ರಾಜ ಆಗಿ ಉಳಿಯುತ್ತಿದ್ದ.

ಕೋಟೆ, ಗುಂಬಜ್ ಇಂಥ ಕಡೆ ತೆಗೆಯಬಹುದಾ?

ಫೋನ್ ಕೈಯಲ್ಲಿ ಹಿಡಿದು ತೆಗೆದರೆ ಸಾಮಾನ್ಯವಾಗಿ ಯಾರೂ ಕೇಳೋದಿಲ್ಲ. ಸ್ಟ್ಯಾಂಡ್, ಲೈಟು, ವೇಷ ಅಂತ ಹೋಗುವುದಾದರೆ ಪುರಾತತ್ವ ಇಲಾಖೆಯ ಅನುಮತಿ ಮೊದಲೇ ಕೇಳಿ. ಬೀದರ್ ಕೋಟೆಯ ರಂಗೀನ್ ಮಹಲಿನಲ್ಲಿ ಕರಿಕಲ್ಲಿಗೆ ಮುತ್ತಿನ ಚಿಪ್ಪು ಕೂರಿಸಿದ ಕೆಲಸ ಇದೆ. ಅದನ್ನು ನೋಡಿ ಮನೆಗೆ ಬಂದು ಬಣ್ಣ ನೆನಪಿಟ್ಟುಕೊಂಡು ತೆಗೆದರೆ ಇನ್ನೂ ಚಂದ.

ಬೀದರ್ ಹತ್ತಿರದ ಅಷ್ಟೂರಿನಲ್ಲಿ ಸ್ವಲ್ಪ ಎಚ್ಚರ. ಬಹಮನಿ ಸುಲ್ತಾನ ಅಹ್ಮದ್ ಶಾ ವಲಿ ಗುಂಬಜಿನ ಒಳಗೋಡೆಯ ಬಣ್ಣ ನೋಡಿದರೆ ಕಾಲು ಕೀಳಲಾಗುವುದಿಲ್ಲ. ಆದರೆ ಅದು ಬರೀ ಹಳೆ ಕಟ್ಟಡ ಅಲ್ಲ. ಮುಸ್ಲಿಮರು ವಲಿ ಅಂದರೆ ಸಂತ ಅಂತ, ಲಿಂಗಾಯತರು ಅಲ್ಲಮಪ್ರಭು ಅಂತ ನಡೆದುಕೊಳ್ಳುವ ಜಾಗ. ಅಲ್ಲಿ ವೇಷ ಬೇಡ. ಬಂದೇ ನವಾಜ್ ದರ್ಗಾ, ಶರಣಬಸವೇಶ್ವರ ಗುಡಿ, ಬೀದರಿನ ಗುರುದ್ವಾರ ನಾನಕ್ ಝೀರಾಕ್ಕೂ ಇದೇ ಮಾತು.

ಕಾಪಿರೈಟ್ ತೊಂದರೆ ಬರುತ್ತದಾ?

ನಮ್ಮ ದೇಶದಲ್ಲಿ ಚಿತ್ರಗಾರರು ತೀರಿಕೊಂಡು 60 ವರ್ಷದವರೆಗೆ ಹಕ್ಕು ಇರುತ್ತದೆ. ರವಿವರ್ಮ 1906, ಅಮೃತಾ 1941, ಫ್ರೀಡಾ 1954. ಇವರದು ಇಲ್ಲಿ ಮುಗಿದಿದೆ. ಪಂಡಿತರದು 2053ರ ಕೊನೆವರೆಗೂ ಇದೆ. ಮನೆಯಲ್ಲಿ ಇಟ್ಟುಕೊಳ್ಳಲು, ಕಲಿಯಲು ತೆಗೆದರೆ ಚಿಂತೆ ಬೇಡ. ಟೀ ಶರ್ಟಿನ ಮೇಲೆ ಹಾಕಿ ಮಾರುವುದಾದರೆ ವಕೀಲರನ್ನು ಕೇಳಿ. ಫ್ರೀಡಾ ಹೆಸರಿಗೆ ಟ್ರೇಡ್‌ಮಾರ್ಕ್ ಕೂಡ ಇದೆ.

ಆ್ಯಪಿಗೆ ಫೋಟೋ ಕೊಟ್ಟರೆ ಐದು ಸೆಕೆಂಡಿನಲ್ಲಿ ಫ್ರೀಡಾ ಮಾಡಿಕೊಡುತ್ತದಲ್ಲ?

ಮಾಡಿಕೊಡುತ್ತದೆ. ಕುಪ್ಪಸದ ತೋಳು ಹರಿಯುವುದಿಲ್ಲ. ಆಯಿ ಟ್ರಂಕು ತೆಗೆಯುವುದಿಲ್ಲ.

ಗಂಡಸರು ಹೂವು ಮುಡಿದು ಕೂರಬಹುದಾ? ಜನ ನಗುತ್ತಾರೆ.

ನಗಲಿ. ಮೊರಿಮುರಾ ಫ್ರೀಡಾ ಆಗಿದ್ದು ಗಂಡಸಾಗಿಯೇ. ನಮ್ಮ ಬಯಲಾಟದಲ್ಲಿ ಮೀಸೆ ಬೋಳಿಸಿಕೊಂಡು ದ್ರೌಪದಿ ಆದವರನ್ನು ಊರೆಲ್ಲ ಕೂತು ಬೆಳತನಕ ನೋಡುತ್ತಿತ್ತು. ಹೆಂಗಸರು ಪೇಟ ಸುತ್ತಿಕೊಂಡು ಕೂತದ್ದೂ ಇದೆ. ಅಪ್ಪನ ಪೇಟ ಸುತ್ತಲು ಕಲಿಯಲಿಕ್ಕೆ ಅಂತಲೇ ಒಬ್ಬರು ಅಪ್ಪನ ಹತ್ತಿರ ಎರಡು ವರ್ಷದ ಮೇಲೆ ಮಾತಾಡಿದರು. ಫೋಟೋ ಅಷ್ಟೇನೂ ಚೆನ್ನಾಗಿ ಬರಲಿಲ್ಲ, ಅಲ್ಲಾಡಿತ್ತು.

ಮುಗಿದ ಮೇಲೆ ಏನು ಮಾಡಬೇಕು? ಪ್ರಿಂಟ್ ಹಾಕಿಸಬೇಕಾ?

ಹಾಕಿಸಿ. ಫೋನಿನಲ್ಲಿ ಇದ್ದರೆ ಮದುವೆ ಫೋಟೋಗಳ ಕೆಳಗೆ ಹೂತು ಹೋಗುತ್ತದೆ. ಹಿಂದೆ ಪೆನ್ಸಿಲ್‌ನಲ್ಲಿ ಬರೆಯಿರಿ: ಯಾರು, ಯಾವ ಚಿತ್ರ ನೋಡಿ, ಬಟ್ಟೆ ಯಾರದು, ಯಾವ ಊರು, ಯಾವ ದಿನ. ಕನಗನಹಳ್ಳಿಯವನು ಬರೆದ ಹಾಗೆ.

ಪ್ರಿಂಟಿಗೆ ಕೊಡುವಾಗ ಒಂದು ಮಾತು ಮರೆಯದೆ ಹೇಳಿ: "ಏನೂ ತಿದ್ದಬೇಡ್ರಿ." ನಾನು ಹೇಳಿರಲಿಲ್ಲ. ದೊಡ್ಡ ಸೈಜಿನಲ್ಲಿ ಹಾಕಿಸಿ, ಫ್ರೇಮ್ ಕಟ್ಟಿಸಿ, ಮನೆಗೆ ತಂದು ಆಯಿ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಮೈ ಎಲ್ಲ ಬೆಳ್ಳಗೆ ಮಾಡಿದ್ದರು. ತೋಳಿನ ಪಿನ್ನು ಇರಲಿಲ್ಲ. ಹುಬ್ಬಿನ ನಡುವಿನ ಮೂರು ಚುಕ್ಕಿಯನ್ನು ಮೊಡವೆ ಗುರುತು ಅಂದುಕೊಂಡು ನುಣ್ಣಗೆ ಅಳಿಸಿದ್ದರು.

"ಇದು ಆ ಮೆಕ್ಸಿಕೋದಾಕಿದೇನು?" ಅಂದರು ಆಯಿ.

ಮರುದಿನ ಹೋಗಿ ಮತ್ತೆ ಹಾಕಿಸಿದೆ. ಎರಡನೇ ಸಲಕ್ಕೂ ಪೂರ್ತಿ ದುಡ್ಡು ತಗೊಂಡರು.